ಐದನೇ ನಂಬರಿನ ಬೂಟು

ನಮ್ಮದು ಕಮತಗಿ. ಮನೆಯಲ್ಲಿ ಒಂದು ಮಗ್ಗ, ಹೊಳೆಯ ಕಡೆ ಒಂದಿಷ್ಟು ಎರಿ ಹೊಲ. ಮಗ್ಗದಲ್ಲಿ ಇಳಕಲ್ ಸೀರೆ ನೇಯುತ್ತೇವೆ. ಹೊಲದಲ್ಲಿ ಕಬ್ಬು, ಗೋವಿನಜೋಳ, ಉಳ್ಳಾಗಡ್ಡಿ, ಕಡಲೆ. ಮಲಪ್ರಭೆಯ ನೀರನ್ನು ಮೋಟರಿನಿಂದ ಎತ್ತುತ್ತೇವೆ. ನಮ್ಮ ಮನೆಯವರು ವರ್ಷದಲ್ಲಿ ಬಹಳ ತಿಂಗಳು ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಭಾಗದಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರು ಅನೇಕರು. ಗಂಡಸರು ಹೋದ ಮನೆಗಳಲ್ಲಿ ರಾತ್ರಿ ನೀರು ಹಾಯಿಸುವ ಕೆಲಸ ಹೆಂಗಸರಿಗೆ ಬರುತ್ತದೆ. ನಮ್ಮ ಮನೆಯಲ್ಲಿ ನನಗೆ ಬಂದಿತ್ತು.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಆಗ ದಿನಕ್ಕೆ 7 ತಾಸು. ಪಾಳಿ ಬದಲಾಗುತ್ತಿತ್ತು. ರಾತ್ರಿ ಪಾಳಿ ಇದ್ದರೆ ರಾತ್ರಿಯೇ ಹೋಗಬೇಕು. ಒಂದು ಮಡಿ ತುಂಬಿದ ಕೂಡಲೇ ಬಾಯಿ ಕಟ್ಟಿ ಇನ್ನೊಂದಕ್ಕೆ ನೀರು ತಿರುವಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟರಿ. ಕಾಲಲ್ಲಿ ಹವಾಯಿ ಚಪ್ಪಲಿ. ಎರಿ ಮಣ್ಣು ನೆನೆದರೆ ಚಪ್ಪಲಿ ಹಿಡಿದು ಜಗ್ಗುತ್ತದೆ, ಪಟ್ಟಿ ಕಿತ್ತು ಬರುತ್ತದೆ. ಅದಕ್ಕೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುತ್ತೇವೆ. ನಮ್ಮ ಕಡೆ ಇದೇ ರೂಢಿ.

2022ರ ಡಿಸೆಂಬರ್. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಚಳಿ ಇತ್ತು, ಬೆಳದಿಂಗಳು ಇರಲಿಲ್ಲ. ಉಳ್ಳಾಗಡ್ಡಿಗೆ ನೀರು ಬಿಟ್ಟಿದ್ದೆ. ನಡುರಾತ್ರಿ ದಾಟಿತ್ತು. ಬದುವಿನ ಪಕ್ಕ ಕಿತ್ತುಹಾಕಿದ ಕಸದ ಗುಂಪಿ ಇತ್ತು. ಅದರ ಹತ್ತಿರ ಕಾಲಿಟ್ಟೆ. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುವಂಥ ಸಪ್ಪಳ ಕೇಳಿತು. ಅದು ಏನೆಂದು ತಿಳಿಯುವುದರೊಳಗೆ ಬಲಗಾಲಿಗೆ ಪೆಟ್ಟು ಬಿತ್ತು. ಹಿಮ್ಮಡಿ ಗಂಟಿನ ಕೆಳಗೆ, ಹೊರಮಗ್ಗುಲಿಗೆ.

ಬ್ಯಾಟರಿ ತಿರುಗಿಸಿದೆ. ದಪ್ಪ ಮೈ, ಬೆನ್ನ ಮೇಲೆ ಸಾಲಾಗಿ ಕಂದು ಚುಕ್ಕೆ. ಕೊಳಕುಮಂಡಲ. ಅದು ಓಡಲಿಲ್ಲ. ನಿಧಾನವಾಗಿ ಕಸದೊಳಗೆ ಹೋಯಿತು. ಕಾಲಲ್ಲಿ ಎರಡು ಸಣ್ಣ ತೂತು, ಸ್ವಲ್ಪ ರಕ್ತ. ಉರಿ ಕೂಡಲೇ ಹತ್ತಿತು. ನಾನು ಬದುವಿನ ಮೇಲೆ ಕುಳಿತೆ. ಓಡಬಾರದು ಎಂಬುದು ಗೊತ್ತಿತ್ತು. ಪಕ್ಕದ ಹೊಲದ ಕಾಕಾ ಕೂಡ ಅದೇ ಪಾಳಿಗೆ ಬಂದಿದ್ದರು. ಕೂಗಿದೆ.

“ಏನಾತವ್ವಾ?”

“ಹಾವ ಕಡೀತು ಕಾಕಾ.”

“ಅಲ್ಲೇ ಕುಂದರು. ಏಳಬ್ಯಾಡ. ಬಂದ್ಯಾ.”

ಅವರು ಬಂದವರೇ ತಲೆಯ ಟಾವೆಲ್ ಬಿಚ್ಚಿ ನನ್ನ ಮೊಣಕಾಲ ಕೆಳಗೆ ಬಿಗಿಯಲು ನೋಡಿದರು. ಜೊತೆಗೆ ಬಂದಿದ್ದ ಅವರ ಮಗ ತಡೆದ. “ಬಿಗೀಬ್ಯಾಡ ಅಪ್ಪಾ, ಕಾಲು ಹೋಗ್ತೈತಿ” ಎಂದ. ಅವನಿಗೆ ಅದು ಹೇಗೆ ಗೊತ್ತಿತ್ತೋ ನಾನು ಕೇಳಲಿಲ್ಲ. ಆ ಹುಡುಗ ಇದ್ದದ್ದು ನನ್ನ ಪುಣ್ಯ. ಇಬ್ಬರೂ ಹೊತ್ತುಕೊಂಡು ರಸ್ತೆಗೆ ತಂದರು. ಮೋಟರ್ ಬಂದ್ ಮಾಡಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳುತ್ತಿದ್ದೆನಂತೆ. ಕಾಕಾ ಹೊಳ್ಳಿ ಹೋಗಿ ಬಂದ್ ಮಾಡಿ ಬಂದರು.

ಮನೆಯ ಮುಂದೆ ನಾಲ್ಕು ಜನ ಸೇರಿದರು. ಮಂತ್ರ ಹಾಕಿಸಿಕೊಂಡು ಹೋಗೋಣ, ಹಾಕುವವರ ಮನೆ ದಾರಿಯ ಮೇಲೇ ಇದೆ ಎಂದು ಒಬ್ಬರು ಹೇಳಿದರು. ನಮ್ಮ ಅತ್ತೆ ಓದಿದವರಲ್ಲ. ಅವರು ಒಂದೇ ಮಾತು ಹೇಳಿದರು. “ಮದ್ಲ ದವಾಖಾನಿ. ಮಂತ್ರ ಆಮ್ಯಾಲೆ.” ಮಗಳು ನನ್ನ ಕಾಲಿನ ಚೈನು, ಕಾಲುಂಗುರ ತೆಗೆದಳು. ಬಾವು ಏರುತ್ತಿತ್ತು. ಸ್ವಲ್ಪ ತಡವಾಗಿದ್ದರೆ ಉಂಗುರ ಕತ್ತರಿಸಬೇಕಾಗುತ್ತಿತ್ತು ಎಂದು ಆಮೇಲೆ ನರ್ಸ್ ಹೇಳಿದರು.

ಟಂಟಂ ಹಿಂದೆ ಚಾಪೆ ಹಾಸಿ ಮಲಗಿಸಿದರು. ಶಿರೂರು ದಾಟುವ ಹೊತ್ತಿಗೆ ಬಾವು ಮೊಣಕಾಲ ಹತ್ತಿರ ಬಂದಿತ್ತು. ವಾಂತಿಯಾಯಿತು. ಬಾಯಲ್ಲಿ ರಕ್ತದ ರುಚಿ. ಬೆರಳಿಂದ ಒಸಡು ಮುಟ್ಟಿ ನೋಡಿದೆ, ಬೆರಳು ಕೆಂಪಾಗಿತ್ತು. ಆಗ ಹೆದರಿದೆ. ಅಲ್ಲಿಯವರೆಗೆ ನೋವು ಮಾತ್ರ ಇತ್ತು. ಮಗಳ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಮಗ ಸಣ್ಣವನು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು, ಸೆರಗು ಇನ್ನೂ ಜೋಡಿಸಬೇಕಿತ್ತು. ಇವೇ ನೆನಪಾದವು. ದೇವರ ನೆನಪು ಆಗಲಿಲ್ಲ.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಗೆ ಹಾಕಿದರು. ಅದನ್ನು 20 ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಓರೆ ಮಾಡಿ ನೋಡುತ್ತಾರೆ. ಸರಿ ಇದ್ದ ರಕ್ತ ಹೆಪ್ಪುಗಟ್ಟಿರುತ್ತದೆ. ನನ್ನದು ನೀರಿನ ಹಾಗೇ ಹರಿಯಿತು. ಡಾಕ್ಟರು ಏನೂ ಮಾತಾಡದೆ ತಲೆ ಆಡಿಸಿದರು. ಸಲೈನಿನಲ್ಲಿ ಹಾವಿನ ವಿಷದ ಔಷಧ ಹಾಕಿದರು. ಮೊದಲಿಗೆ 10 ಬಾಟಲಿ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ತುರಿಕೆ, ನಡುಕ. ಅದಕ್ಕೂ ಇಂಜೆಕ್ಷನ್ ಕೊಟ್ಟರು. ಕೆಲವು ತಾಸಿನ ಮೇಲೆ ಮತ್ತೆ ನಳಿಕೆ. ಮತ್ತೆ ಹರಿಯಿತು. ಮತ್ತೆ ಔಷಧ. ಬೆಳಕಾದ ಮೇಲೆ ಯಾವಾಗಲೋ ನಳಿಕೆಯಲ್ಲಿ ರಕ್ತ ನಿಂತಿತು. ನರ್ಸ್ ಅದನ್ನು ನನಗೆ ತೋರಿಸಿದರು. ತೋರಿಸಬೇಕೆಂದೇನೂ ಇರಲಿಲ್ಲ. ಆದರೂ ತೋರಿಸಿದರು.

ಮೂತ್ರ ಕಡಿಮೆಯಾಗಿತ್ತು, ಕಪ್ಪಾಗಿತ್ತು. ಕೊಳಕುಮಂಡಲದ ವಿಷ ಮೂತ್ರಪಿಂಡಕ್ಕೆ ಹೋಗುತ್ತದೆ. ಡಯಾಲಿಸಿಸ್ ಬೇಕಾಗಬಹುದು ಎಂದು ಮಾತಾಡಿಕೊಂಡರು. ದಿನಾ ಮೂತ್ರ ಅಳೆದು ಬರೆದುಕೊಳ್ಳುತ್ತಿದ್ದರು. ನನಗೆ ಡಯಾಲಿಸಿಸ್ ಆಗಲಿಲ್ಲ. ಪಕ್ಕದ ಮಂಚದ ಕಬ್ಬು ಕಡಿಯುವ ಹೆಣ್ಣುಮಗಳಿಗೆ ಆಯಿತು. ಎಳ್ಳ ಅಮಾವಾಸ್ಯೆ ದಿನ ನಾನು ಅಲ್ಲೇ ಇದ್ದೆ. ಅತ್ತೆ ಒಬ್ಬರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ಕಡುಬು ಕಟ್ಟಿಕೊಂಡು ಬಂದಿದ್ದರು. ಎದುರಿನವರಿಗೂ ಕೊಟ್ಟರು.

ಮಂಗಳೂರಿನಿಂದ ಮನೆಯವರು ಬಂದರು. ಕಾಲ ಕಡೆ ನೋಡಿ ಹೊರಗೆ ಹೋದರು. ಬಹಳ ಹೊತ್ತು ಬಿಟ್ಟು ಒಳಗೆ ಬಂದರು.

ಔಷಧ ಸರ್ಕಾರದ್ದು, ಅದಕ್ಕೆ ದುಡ್ಡಿಲ್ಲ. ಜೀವ ಉಳಿಯಿತು. ಕಾಲಿನ ಮಾಂಸ ಉಳಿಯಲಿಲ್ಲ. ಕಡಿದ ಜಾಗದಲ್ಲಿ ಗುಳ್ಳೆ ಎದ್ದು ಚರ್ಮ ಕಪ್ಪಾಯಿತು. ಸತ್ತ ಭಾಗ ಕತ್ತರಿಸಿ ತೆಗೆದರು. ಔಷಧ ರಕ್ತದೊಳಗಿನ ವಿಷ ಹಿಡಿಯುತ್ತದೆ, ಆಗಲೇ ಸತ್ತ ಮಾಂಸವನ್ನು ಹೊಳ್ಳಿ ತರುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ಈ ಔಷಧ ಮಾಡುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಇದೊಂದೇ. ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ನನ್ನ ಮೈಯೊಳಗೆ ಹೋದದ್ದರಲ್ಲಿ ಯಾರ ಯಾರದೋ ದುಡಿಮೆ ಇತ್ತು. ಮಲಗಿದಲ್ಲಿ ಇದನ್ನು ಬಹಳ ಯೋಚಿಸಿದೆ.

ತೊಡೆಯ ಚರ್ಮ ತೆಗೆದು ಪಾದಕ್ಕೆ ಹಚ್ಚಿದರು. ತೊಡೆಯ ಗಾಯ ಪಾದಕ್ಕಿಂತ ಹೆಚ್ಚು ಉರಿಯಿತು. ದಿನ ಬಿಟ್ಟು ದಿನ ಪಟ್ಟಿ ಬಿಚ್ಚುವಾಗ ಸೆರಗು ಕಚ್ಚಿಕೊಳ್ಳುತ್ತಿದ್ದೆ.

ಆ ವಾರ್ಡಿನಲ್ಲಿ ಒಂದು ಮಾತು ಕೇಳಿದೆ. ಹೊಸದಾಗಿ ಬಂದವರನ್ನು ನರ್ಸ್ ಕೇಳುತ್ತಿದ್ದರು. “ಕಾಲಾಗ ಏನ ಹಾಕ್ಕೊಂಡಿದ್ರಿ?” ಕುರಿ ಕಾಯುವ ಮುದುಕ, ಮೇವು ಕೊಯ್ಯುವ ಹುಡುಗಿ, ಕಬ್ಬಿನ ರವದಿ ಸುಲಿಯುವವಳು, ನಾನು. ಎಲ್ಲರ ಉತ್ತರವೂ ಒಂದೇ. ಏನೂ ಇಲ್ಲ, ಇಲ್ಲವೆಂದರೆ ಚಪ್ಪಲಿ. ಕಡಿತದ ಗುರುತೂ ಹೆಚ್ಚುಕಡಿಮೆ ಒಂದೇ ಕಡೆ. ಪಾದ, ಹಿಮ್ಮಡಿ, ಮೀನಖಂಡದ ಕೆಳಗೆ. ನೆಲದ ಮೇಲೆ ಮಲಗಿದ್ದಾಗ ಕಡಿಸಿಕೊಂಡ ಒಬ್ಬ ಹುಡುಗನದು ಮಾತ್ರ ಬೇರೆ. ಬಿಡುಗಡೆಯ ದಿನ ಡಾಕ್ಟರು ಹೇಳಿದರು, “ಮತ್ತ ಹೊಲಕ್ಕ ಹೋಗೂದಾದ್ರ ಬೂಟ ಹಾಕ್ಕೊಂಡು ಹೋಗ್ರಿ ಅಕ್ಕಾ.” ಹೋಗಬೇಡಿ ಎಂದು ಹೇಳಲಿಲ್ಲ. ಹೋಗದೆ ನಡೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲಿನ ತಿಂಗಳುಗಳು ಆಸ್ಪತ್ರೆಗಿಂತ ಕಷ್ಟ. ನಮ್ಮದು ಗುಂಡಿಯ ಮಗ್ಗ. ಕಾಲು ಗುಂಡಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಬಲಗಾಲಿನ ಎರಡು ಬೆರಳು ಮಡಚುತ್ತಿರಲಿಲ್ಲ. ಇಳಿಬಿಟ್ಟರೆ ಬಾವು ಬರುತ್ತಿತ್ತು. ಸೀರೆ ಅತ್ತೆ ಮುಗಿಸಿದರು. ಮನೆಯವರು ಬೇಸಿಗೆವರೆಗೆ ಮಂಗಳೂರಿಗೆ ಹೋಗಲಿಲ್ಲ, ಆ ಪಗಾರ ತಪ್ಪಿತು. ಸಂಘದಲ್ಲಿ ಸಾಲ ಮಾಡಿದೆವು. ಇನ್ನೂ ತೀರಿಲ್ಲ.

ಮುಂಗಾರಿಗೆ ಮೊದಲು ಮನೆಯವರು ಮತ್ತೆ ದುಡಿಯಲು ಹೋದರು. ತಿರುಗಿ ಬರುವಾಗ ಮೊದಲ ಜೋಡು ಬೂಟು ತಂದರು. ಸುಳ್ಯ, ಪುತ್ತೂರು ಕಡೆ ಅಡಿಕೆ ತೋಟದಲ್ಲಿ ಕೆಲಸ ಮಾಡುವವರು ಗಮ್‌ಬೂಟು ಹಾಕುತ್ತಾರೆ. ಅಲ್ಲಿ ಜಿಗಣೆ, ಹಾವು, ಸದಾ ಹಸಿ. ಅಂಗಡಿಯವರಿಗೆ ಎಂಟನೇ ನಂಬರು ಕೇಳಿ ತಂದಿದ್ದರು. ನನ್ನ ಪಾದ ಐದು. ಎರಡು ಜೊತೆ ಸಾಕ್ಸು ಹಾಕಿ ನೋಡಿದೆ. ಬೂಟಿನೊಳಗೆ ಕಾಲು ಜಾರುತ್ತಿತ್ತು. ಹಚ್ಚಿದ ಚರ್ಮ ತಿಕ್ಕಿ ಹಸಿಯಾಯಿತು. ಒಂದು ದಿನ ಕೆಸರಿನಲ್ಲಿ ಬೂಟು ಅಲ್ಲೇ ನಿಂತಿತು, ಕಾಲು ಮಾತ್ರ ಮೇಲೆ ಬಂತು, ನಾನು ಮುಂದಕ್ಕೆ ಬಿದ್ದೆ. ಸಲಿಕೆ ದೂರ ಇತ್ತು. ಅದೃಷ್ಟ. ದೊಡ್ಡ ಬೂಟು ನಮ್ಮ ಎರಿ ಮಣ್ಣಿನಲ್ಲಿ ಕಾಲು ಕಾಯುವುದಿಲ್ಲ, ಬೀಳಿಸುತ್ತದೆ. ಹಿಮ್ಮಡಿ ಗಂಟಿನ ಹತ್ತಿರ ಅದು ಬಿಗಿ ಹಿಡಿಯಬೇಕು.

ಮಗಳು ಮೊಬೈಲಿನಲ್ಲಿ ಹುಡುಕಿದಳು. ಬೇಟೆಗಾರರ ಬೂಟು ಎಂದೇ ಇದ್ದವು. ಹೊರದೇಶದವು. ಮೊಣಕಾಲವರೆಗೆ ಎತ್ತರ, ಹಾವಿನ ಹಲ್ಲು ಇಳಿಯದಂಥ ದಪ್ಪ ಬಟ್ಟೆ, ಒಳಗೆ ಚಳಿಗೆ ಮೆತ್ತೆ. ಬೆಲೆ ಅನೇಕ ಸಾವಿರ. ನಮ್ಮ ಮಾವನವರಿಗೆ ಅದನ್ನು ತೋರಿಸಿದಳು. ಅವರ ಕಾಲದಲ್ಲಿ ಮೊಲಕ್ಕೆ ಬಲೆ ಹಾಕುವವರು ಊರಲ್ಲಿ ಇದ್ದರಂತೆ. ಅವರ ಕಾಲಲ್ಲಿ ಸಮಗಾರರು ಹೊಲಿದ ದಪ್ಪ ತೊಗಲಿನ ಕಾಲಮರಿ. ಮುಳ್ಳಿಗೆ ಅದು ಗಟ್ಟಿ, ನೀರಿಗೆ ಮಾತ್ರ ಉಬ್ಬಿ ಹಾಳಾಗುತ್ತಿತ್ತು. ನಮ್ಮ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಇಂಗ್ಲಿಷರ ಎದುರು ನಿಂತವರು. ಬೇಟೆ ಈ ನೆಲದ ಹಳೆಯ ಬದುಕು. 1972ರ ವನ್ಯಜೀವಿ ಕಾಯ್ದೆಯ ಮೇಲೆ ಅದು ಅಪರಾಧ, ಇರಬೇಕಾದದ್ದೂ ಹಾಗೇ. ಈಗ ರಾತ್ರಿ ಹೊಲದಲ್ಲಿ ತಿರುಗುವವರು ಹಂದಿ ಕಾಯುವವರು, ನೀರು ಹಾಯಿಸುವವರು. ಹಿಮ ಬೀಳುವ ದೇಶದ ಮೆತ್ತೆ ಇರುವ ಬೂಟು ನಮ್ಮ ಬಿಸಿಲಿಗೆ ನಡೆಯುವುದಿಲ್ಲ. ಅದನ್ನು ಬಿಟ್ಟೆವು.

ಇಳಕಲ್ಲಿಗೆ ಸೀರೆ ಕೊಡಲು ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ಅಲ್ಲಿ ಕೆಂಪು ಗ್ರಾನೈಟಿನ ಕೆಲಸಗಾರರಿಗೆ ಮಾರುವ ಬೂಟು ಇದ್ದವು. ಬೆರಳ ಮೇಲೆ ಕಲ್ಲು ಬಿದ್ದರೆ ತಡೆಯಲಿ ಎಂದು ಮುಂದೆ ಉಕ್ಕಿನ ತಗಡು. ಎತ್ತಿ ನೋಡಿದೆ. ಕೆಸರು ಹತ್ತಿದ ಮೇಲೆ ಅದನ್ನು ಹೊತ್ತು ರಾತ್ರಿಯೆಲ್ಲ ನಡೆಯಲು ಆಗದು. ಕಲ್ಲಿನ ಕೆಲಸಕ್ಕೆ ಅದೇ ಬೇಕು, ಹೊಲಕ್ಕೆ ಬೇಡ. ಹೆಂಗಸರ ನಂಬರು ಇದೆಯೇ ಎಂದರೆ ಅಂಗಡಿಯವರು ಆರರಿಂದ ಮೇಲೆ ಇದೆ ಎಂದರು. ಎಲ್ಲ ಕಡೆ ಈ ಉತ್ತರವೇ ಸಿಕ್ಕಿತು. ಹೊಲದಲ್ಲಿ ಕಳೆ ತೆಗೆಯುವವರು, ಕೊಯ್ಯುವವರು ಹೆಚ್ಚಿನವರು ಹೆಂಗಸರು. ಬೂಟು ಗಂಡಸರ ಕಾಲಿಗೆ ಮಾಡಿರುತ್ತಾರೆ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಕೊನೆಗೆ ಆರನೇ ನಂಬರಿನ ಒಂದು ಅಗ್ಗದ ಜೋಡು ತಂದೆ. ಐದುನೂರರ ಒಳಗೆ ಬಂತು. ಮಳೆಗಾಲ ಚೆನ್ನಾಗಿ ನಡೆಯಿತು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೆ. ಮುಂದಿನ ಮುಂಗಾರಿಗೆ ತೆಗೆದರೆ ಹಿಮ್ಮಡಿಯ ಮೇಲೆ, ನಡೆಯುವಾಗ ಮಡಚುವ ಜಾಗದಲ್ಲಿ, ಬಿರುಕು. ನೀರು ಒಳಗೆ ಬರುತ್ತಿತ್ತು. ಊರಿನ ಪಂಕ್ಚರ್ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಹಚ್ಚಿ, ತೇಪೆ ಒತ್ತಿದ. ಒಣಗಿದ ಮೇಲೆ ಜಗ್ಗಿದರೆ ಕಿತ್ತು ಬಂತು.

“ಅಕ್ಕಾ, ಇದು ರಬ್ಬರ್ ಅಲ್ಲ. ಪಿವಿಸಿ. ರಬ್ಬರ್ ಇದ್ರ ಟ್ಯೂಬಿನಂಗ ತೇಪಿ ಹಿಡೀತಿತ್ತು.”

ಬೂಟಿನ ಬಗ್ಗೆ ನನಗೆ ಹೆಚ್ಚು ಕಲಿಸಿದವನು ಈ ಹುಡುಗ. ಪಿವಿಸಿ ಅಚ್ಚಿನಲ್ಲಿ ಎರೆದದ್ದು. ಅಗ್ಗ. ಡೀಸೆಲ್, ಎಣ್ಣೆಗೆ ಅದು ಜಗ್ಗುವುದಿಲ್ಲ, ಮೋಟರ್ ರಿಪೇರಿ ಮಾಡುವವರಿಗೆ ಅದೇ ಒಳ್ಳೆಯದು. ಚಳಿಗೆ ಬಿರುಸಾಗುತ್ತದೆ, ದಿನಾ ಮಡಚುವಲ್ಲಿ ಸೀಳುತ್ತದೆ. ರಬ್ಬರು ಮೆತ್ತಗೆ ಬಾಗುತ್ತದೆ, ಬಹಳ ದಿನ ಬರುತ್ತದೆ, ತೇಪೆ ಹಿಡಿಯುತ್ತದೆ. ಎಣ್ಣೆ ಬಿದ್ದರೆ ಉಬ್ಬುತ್ತದೆ, ಬಿಸಿಲಲ್ಲಿ ಬಿಟ್ಟರೆ ಒಡೆಯುತ್ತದೆ. ಕೊಳ್ಳುವಾಗ ಹಿಮ್ಮಡಿಯ ಹತ್ತಿರ ಕೈಯಿಂದ ಪೂರ್ತಿ ಮಡಚಿ ನೋಡು ಎಂದ. ಬಿಳಿ ಗೆರೆ ಮೂಡಿ ಹಾಗೇ ಉಳಿದರೆ ಬೇಡ. ಅಟ್ಟೆ ಮೇಲಿನ ಭಾಗಕ್ಕೆ ಕೂಡುವ ಅಂಚನ್ನು ಉಗುರಿಂದ ಎಬ್ಬಿಸಿ ನೋಡು. ಒಳಗೆ ಕೈ ಹಾಕಿ ಬಟ್ಟೆಯ ಅಸ್ತರಿ ಸಡಿಲಿದೆಯೇ ನೋಡು.

ಮಗಳು ಇಷ್ಟು ಹೊತ್ತಿಗೆ ಡಿಗ್ರಿಗೆ ಸೇರಿದ್ದಳು. ಇದರ ಬಗ್ಗೆ ಓದಿ ನನಗೆ ಹೇಳಿದಳು. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1853ರಲ್ಲಿ ಹೈರಮ್ ಹಚಿನ್ಸನ್ ಎಂಬವನು ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ಹಾಕಿದ. ಕೊಂಡವರು ಅಲ್ಲಿಯ ರೈತರು. ಅದಕ್ಕೆ ಮೊದಲು ಅವರು ಕಟ್ಟಿಗೆಯ ಮೆಟ್ಟು ಹಾಕಿ ಹೊಲಕ್ಕೆ ಹೋಗುತ್ತಿದ್ದರಂತೆ. ನೂರಾ ಎಪ್ಪತ್ತು ವರ್ಷದ ಹಿಂದೆ ರೈತರಿಗೆ ಎಂದು ಬಂದ ವಸ್ತು ನಮ್ಮ ಹೊಲಕ್ಕೆ ಆಗಿನ್ನೂ ಬಂದಿರಲಿಲ್ಲ.

ಐದನೇ ನಂಬರಿನ ರಬ್ಬರ್ ಬೂಟನ್ನು ಬಾಗಲಕೋಟೆಯ ಒಬ್ಬ ಅಂಗಡಿಯವರು ತರಿಸಿಕೊಟ್ಟರು. ಬೆಲೆ ಪಿವಿಸಿಯ ದುಪ್ಪಟ್ಟಿಗಿಂತ ಸ್ವಲ್ಪ ಹೆಚ್ಚು. ನಾನು ಸಂಜೆ ಹೋಗಿ ಹಾಕಿ ನೋಡಿದೆ. ದಿನವಿಡೀ ನಿಂತ ಕಾಲು ಸಂಜೆಗೆ ದೊಡ್ಡದಾಗಿರುತ್ತದೆ. ನನ್ನ ಬಲಗಾಲು ಎಡಕ್ಕಿಂತ ದಪ್ಪ, ಅದಕ್ಕೆ ಸರಿಹೋಗುವುದನ್ನೇ ಆರಿಸಿದೆ, ಎಡಗಾಲಿಗೆ ಒಳಗೆ ಒಂದು ಮೆತ್ತೆ ಹಾಕಿಕೊಂಡೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇತ್ತು. ಮೀನಖಂಡದ ಮೇಲಿನವರೆಗೆ ಎತ್ತರ. ಅಟ್ಟೆಯ ಗೀರುಗಳು ದೂರ ದೂರ, ಆಳ ಕಡಿಮೆ. ಒತ್ತೊತ್ತಾಗಿ ಇದ್ದರೆ ಎರಿ ಮಣ್ಣು ಮೆತ್ತಿಕೊಂಡು ಹೆಜ್ಜೆಗೆ ಒಂದು ಸೇರು ಭಾರ ಎಳೆಯಬೇಕು. ಮನೆಗೆ ತಂದು, ಕಾಲು ಹಾಕಿ, ನೀರಿನ ಬಕೀಟಿನಲ್ಲಿ ನಿಂತೆ. ಅತ್ತೆ ನೋಡುತ್ತ ಕುಳಿತಿದ್ದರು. ಸಾಕ್ಸು ಒಣಗಿಯೇ ಇತ್ತು.

ಮೊದಲ ಸಲ ರಾತ್ರಿ ಹೋದಾಗ ಕೈ ನಡುಗಿತು. ಬೂಟು ಇದ್ದರೂ ನಡುಗಿತು. ಮಗಳು ಜೊತೆಗೆ ಬಂದಳು. ಕಸದ ಗುಂಪಿ ಕಂಡಲ್ಲೆಲ್ಲ ನಿಂತೆ. ಆ ಅಂಜಿಕೆ ಪೂರ್ತಿ ಹೋಗಿಲ್ಲ. ಆದರೆ ನೀರು ಹಾಯಿಸಿ ಬಂದೆ.

ಬೂಟು ಮಾಡದ ಕೆಲಸವೂ ಇದೆ. ಬಳ್ಳಾರಿ ಜಾಲಿಯ ಮುಳ್ಳು ಅಟ್ಟೆಯನ್ನೂ ಚುಚ್ಚುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ದಂಡೆ ಮೀರಿದ ಮೇಲೆ ನಮ್ಮ ಬದುವಿನ ಕೆಳಗೆ ಆ ಗಿಡ ಬಹಳ ಹಬ್ಬಿದೆ. ಬೂಟು ಕೈಯನ್ನು ಕಾಯುವುದಿಲ್ಲ. ಮೇವು ಎತ್ತುವ ಮೊದಲು ಕೋಲಿನಿಂದ ಬಡಿಯುತ್ತೇನೆ. ಬ್ಯಾಟರಿ ಬೇಕೇ ಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಬೂಟಿನೊಳಗೆ ಬೆವರು ನಿಲ್ಲುತ್ತದೆ. ಹಗಲು ತಾಸುಗಟ್ಟಲೆ ಹಾಕಲು ಆಗದು, ಬೆರಳ ಸಂದಿ ಬೆಳ್ಳಗಾಗಿ ಕೊಳೆಯುತ್ತದೆ. ಹತ್ತಿಯ ಸಾಕ್ಸು ಎರಡು ಜೊತೆ ಒಯ್ದು ನಡುವೆ ಬದಲಿಸುತ್ತೇನೆ. ಬಂದ ಮೇಲೆ ತೊಳೆದು, ಎರಡು ಗೂಟಕ್ಕೆ ಬೋರಲಾಗಿ ನೆರಳಲ್ಲಿ ಹಾಕುತ್ತೇನೆ. ಹಾಕಿಕೊಳ್ಳುವ ಮೊದಲು ಪ್ರತಿ ಸಲ ಬೋರಲು ಬಡಿಯಬೇಕು. ಒಮ್ಮೆ ಚೇಳು ಬಿತ್ತು.

ಸೀರೆಯ ಮೇಲೆ ಬೂಟು ಹಾಕಿ ಬೀದಿಯಲ್ಲಿ ಹೋಗುವಾಗ ನೋಡಿ ನಕ್ಕವರಿದ್ದಾರೆ. ಅದಕ್ಕಿಂತ ಕಷ್ಟವಾದದ್ದು ಅತ್ತೆಯ ಮಾತು. ಹೊಲ ಅಂದರೆ ಅವರಿಗೆ ಭೂಮಿತಾಯಿ. ಬಿತ್ತುವ ದಿನ, ಚರಗದ ದಿನ ಅವರು ಕಾಲಮರಿ ಹಾಕಿ ಹೊಲಕ್ಕೆ ಕಾಲಿಟ್ಟವರಲ್ಲ. ನಾನು ಎದುರು ಮಾತಾಡಲಿಲ್ಲ. 2023ರ ಮುಂಗಾರು ಬಿತ್ತಿಗೆಗೆ ಅವರು ಬರಿಗಾಲಲ್ಲೇ ಬಂದರು. ಮುಂದೆ ನಾನು ಬೂಟು ತೆಗೆದು ಪೂಜೆ ಮಾಡಿ, ಮತ್ತೆ ಹಾಕಿಕೊಂಡು ಕೆಲಸಕ್ಕೆ ಇಳಿಯತೊಡಗಿದೆ. ಒಂದು ದಿನ ಅವರೇ ಹೇಳಿದರು, “ಪೂಜಿಗೆ ತಗಿ, ಕೆಲಸಕ್ಕ ಹಾಕ್ಕೋ. ತಾಯಿ ಏನೂ ಅನ್ನೂದಿಲ್ಲ.” ಆಮೇಲೆ ಬೀದಿಯಲ್ಲಿ ಯಾರಾದರೂ ನಕ್ಕರೆ ಉತ್ತರ ಅವರೇ ಕೊಡುತ್ತಾರೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗಳು ಪ್ರತಿಯೊಂದನ್ನೂ ಲೆಕ್ಕಕ್ಕೆ ಕೊಡಬೇಕು. ಒಳ್ಳೆಯದಾಯಿತು. 2000ದಿಂದ 2019ರವರೆಗೆ ದೇಶದಲ್ಲಿ 12 ಲಕ್ಷ ಜನ ಹಾವು ಕಡಿದು ಸತ್ತರು ಎಂದು 2020ರಲ್ಲಿ ಬಂದ ಒಂದು ಅಧ್ಯಯನದ ಅಂದಾಜು. ವರ್ಷಕ್ಕೆ ಸುಮಾರು 58,000. ಬಹುಪಾಲು ಹಳ್ಳಿಯವರು. ಹಾವು ಕಡಿದು ರೈತ ಸತ್ತರೆ ಕೃಷಿ ಇಲಾಖೆಯಿಂದ ಮನೆಯವರಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಅದು ಬೇಕು. ಸತ್ತವರ ಮನೆಗೆ ಅದು ಆಸರೆ. ಆದರೆ ಆ 2 ಲಕ್ಷದಲ್ಲಿ ನಾನು ಕೊಂಡಂಥ ರಬ್ಬರ್ ಬೂಟು ನೂರಾರು ಜೋಡು ಬರುತ್ತವೆ. ಬದುಕಿ ಉಳಿದು ಕಾಲು ಕೆಟ್ಟವರ ಲೆಕ್ಕ ಎಲ್ಲೂ ನನಗೆ ಕಾಣಲಿಲ್ಲ. ಪಕ್ಕದ ಮಂಚದ ಆ ಹೆಣ್ಣುಮಗಳು ಈಗ ಕಬ್ಬು ಕಡಿಯಲು ಹೋಗುತ್ತಿಲ್ಲ.

ನಮ್ಮ ಸಂಘದಲ್ಲಿ ನಾನು ಈ ಮಾತು ಎತ್ತಿದೆ. ಕಾಲು ತೋರಿಸಿದೆ. ತೋರಿಸಲು ಇಷ್ಟವಿರಲಿಲ್ಲ, ತೋರಿಸದೆ ನಡೆಯಲಿಲ್ಲ. ಹೊಲ ಇದ್ದವರು ಕೊಂಡಾರು. ಕೂಲಿಗೆ ಹೋಗುವವರು ಒಂದು ಜೋಡು ಬೂಟಿಗೆ ಮೂರು ನಾಲ್ಕು ದಿನದ ಕೂಲಿ ಎಲ್ಲಿಂದ ತರಬೇಕು ಎಂದು ಕೇಳಿದರು. ನ್ಯಾಯದ ಪ್ರಶ್ನೆ. ಕರೆದವರು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಸಲಿಕೆ, ಕುಡಗೋಲು ಹೊಲದವರು ಕೊಡುತ್ತಾರೆ. ಬೂಟನ್ನೂ ಕೊಡಲಿ. ನಮ್ಮ ಹೊಲಕ್ಕೆ ಬರುವವರಿಗಾಗಿ ನಾಲ್ಕು, ಐದು, ಆರನೇ ನಂಬರಿನವು ತರಿಸಿ ಮನೆಯಲ್ಲಿ ಇಟ್ಟಿದ್ದೇವೆ. ಅವರು ಬಂದು ಹಾಕಿಕೊಂಡು ಹೋಗಿ, ತೊಳೆದು ಗೂಟಕ್ಕೆ ಹಾಕುತ್ತಾರೆ. ಕಾಕಾ ಕೂಡ ತಮ್ಮ ಹೊಲಕ್ಕೆ ತರಿಸಿದರು. ಉಳಿದ ಹೊಲದವರು ನೋಡೋಣ ಎನ್ನುತ್ತಿದ್ದಾರೆ. ಅಂಗಡಿಯವರು ಹೇಳಿದ ಪ್ರಕಾರ, ಸಣ್ಣ ನಂಬರಿನವು ಬೇಕಾದರೆ ಕಾರ ಹುಣ್ಣಿಮೆಗೆ ಮೊದಲೇ ಎಷ್ಟು ಜೋಡು ಎಂದು ಬರೆಸಬೇಕು. ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು, ಪಾದದ ಅಳತೆ ಬರೆದುಕೊಳ್ಳುತ್ತಿದ್ದೇನೆ.